ಬಯಲಿನಲ್ಲಿ ಸೊಳ್ಳೆ ನಿವಾರಕಗಳ ಪರೀಕ್ಷೆ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು ಮಾತ್ರ. ಇಷ್ಟು ಒಣನಾಡಿನಲ್ಲಿ ಸೊಳ್ಳೆಯ ಕಾಟವೆಲ್ಲಿಯದೆಂದು ಹೊರಗಿನವರು ಭಾವಿಸುವುದುಂಟು. ನೀರು ಅಪರೂಪವಾದುದರಿಂದಲೇ ನಾವು ಅದನ್ನು ತೊಟ್ಟಿ, ಡ್ರಮ್ಮುಗಳಲ್ಲಿ ದಿನಗಟ್ಟಲೆ ಕೂಡಿಡುತ್ತೇವೆ. ಆ ನೀರೇ ಏಡೀಸ್ ಸೊಳ್ಳೆಯ ತವರು. 2006ರಲ್ಲಿ ಚಿಕೂನ್‌ಗುನ್ಯಾ ಜ್ವರವು ಆಂಧ್ರ, ಕರ್ನಾಟಕಗಳೆರಡರಲ್ಲಿಯೂ ಹಬ್ಬಿ ಜನರನ್ನು ಕೀಲುನೋವಿನಿಂದ ಕಂಗೆಡಿಸಿತು. ಆ ವರ್ಷ ದೇಶದಲ್ಲಿ ಶಂಕಿತ ರೋಗಿಗಳ ಸಂಖ್ಯೆ 13 ಲಕ್ಷವನ್ನು ಮೀರಿತ್ತು. ಕುರಿಗಾರರಿಗಂತೂ ಇನ್ನೊಂದು ಭಯವುಂಟು. ಮಳೆಗಾಲದಲ್ಲಿ ಕುರಿಗಳನ್ನು ಬಲಿತೆಗೆದುಕೊಳ್ಳುವ ನೀಲಿ ನಾಲಿಗೆ ರೋಗವನ್ನು ಹರಡುವುದು ಕ್ಯೂಲಿಕಾಯ್ಡಿಸ್ ಎಂಬ, ಒಂದರಿಂದ ಮೂರು ಮಿಲಿಮೀಟರು ಉದ್ದದ ಸಣ್ಣ ಕಚ್ಚುವ ನೊಣ.

ಆದಕಾರಣವೇ ಸಂಜೆಯಾದೊಡನೆ ಅಂಗಳದಲ್ಲಿ ಸೊಳ್ಳೆಬತ್ತಿ ಹೊತ್ತುತ್ತದೆ. ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ, ಕುರಿಯ ರೊಪ್ಪದ ಬಳಿ ಲಕ್ಕಿ ಸೊಪ್ಪಿನ ಹೊಗೆ ಏಳುತ್ತದೆ. ಇವುಗಳಿಂದ ಎಷ್ಟು ಪ್ರಯೋಜನ? ಎಷ್ಟು ದೂರದವರೆಗೆ? ಎಷ್ಟು ಹೊತ್ತು? ಇದನ್ನು ಅರಿಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೈಗೆ ಹಚ್ಚಿಕೊಳ್ಳುವ ಲೇಪನವು ಹಚ್ಚಿದವನೊಬ್ಬನನ್ನೇ ಕಾಯುತ್ತದೆ. ಗಾಳಿಯಲ್ಲಿ ಹರಡಿ ಒಂದು ಸ್ಥಳವನ್ನೇ ಕಾಯುವ ವಸ್ತುವನ್ನು ಸ್ಥಳ ನಿವಾರಕವೆನ್ನಬಹುದು. ಸೊಳ್ಳೆಯು ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ, ಮೈಯ ಬಿಸಿ ಇವುಗಳ ಜಾಡು ಹಿಡಿದು ಬರುತ್ತದೆ. ನಿವಾರಕದ ಆವಿಯು ಅದರ ನರಗಳನ್ನು ಕದಡುತ್ತದೆ. ಸೊಳ್ಳೆ ದಿಕ್ಕುತಪ್ಪಿ ಹಿಂದಿರುಗುತ್ತದೆ, ಇಲ್ಲವೆ ಬೀಳುತ್ತದೆ. ಜಪಾನಿನ ಉಯೆಯಾಮ ಎಯಿಚಿರೊ ಎಂಬುವರು 1890ರಲ್ಲಿ ಸೇವಂತಿಗೆಯ ಜಾತಿಗೆ ಸೇರಿದ ಪೈರೆಥ್ರಮ್ ಹೂವಿನ ಪುಡಿಯಿಂದ ಊದುಬತ್ತಿಯಂಥ ಕಡ್ಡಿಯನ್ನು ಮಾಡಿದರು. ಅದು ಬೇಗನೆ ಉರಿದು ಮುಗಿಯುತ್ತಿತ್ತು. ಸುರುಳಿಯಾಗಿ ಸುತ್ತಿದರೆ ಹೆಚ್ಚು ಹೊತ್ತು ಉರಿಯುವುದೆಂಬ ಸೂಚನೆ ಅವರ ಪತ್ನಿ ಯುಕಿಯವರದು. 1949ರಲ್ಲಿ ಅಲೆಥ್ರಿನ್ ಎಂಬ ಕೃತಕ ವಸ್ತುವು ಸಿದ್ಧವಾಯಿತು. ಈಗ ಬಿಸಿಯ ಅಗತ್ಯವಿಲ್ಲದೆ ತಾನಾಗಿ ಆವಿಯಾಗುವ ಟ್ರಾನ್ಸ್‌ಫ್ಲುಥ್ರಿನ್, ಮೆಟೊಫ್ಲುಥ್ರಿನ್‌ಗಳೂ ಇವೆ.

ಕೋಣೆಯಲ್ಲಿ ಆವಿ ನಿಲ್ಲುತ್ತದೆ. ಬಯಲಿನಲ್ಲಿ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಆದುದರಿಂದ ಒಳಗೆ ಪಡೆದ ಫಲವನ್ನು ಹೊರಗಿನದೆಂದು ಹೇಳಲಾಗದು. ಇಂಥ ಪರೀಕ್ಷೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಮಾರ್ಗದರ್ಶನವನ್ನು ಪ್ರಕಟಿಸಿತು.

ಪರೀಕ್ಷೆಗೆ ಮೊದಲು ಬೇಕಾದುದು ಹೋಲಿಕೆ. ಒಂದು ಸ್ಥಳದಲ್ಲಿ ನಿವಾರಕವನ್ನು ಇಟ್ಟರೆ, ಅದೇ ಹೊತ್ತಿನಲ್ಲಿ ಇನ್ನೊಂದು ಸ್ಥಳವನ್ನು ಬರಿದೆ ಬಿಡಬೇಕು. ಎರಡರಲ್ಲಿಯೂ ಬರುವ ಸೊಳ್ಳೆಗಳನ್ನು ಎಣಿಸಬೇಕು. ಒಂದರ ಹೊಗೆ ಇನ್ನೊಂದಕ್ಕೆ ತಾಗದಷ್ಟು ಅಂತರವಿರಬೇಕು. ಬರಿದೆ ಬಿಟ್ಟ ಸ್ಥಳದಲ್ಲಿ 60, ಹೊಗೆಯಿಟ್ಟ ಸ್ಥಳದಲ್ಲಿ 24 ಸೊಳ್ಳೆಗಳು ಬಂದುವೆಂದು ಇಟ್ಟುಕೊಳ್ಳೋಣ. ಕಡಮೆಯಾದುದು 36, ಅದನ್ನು 60ರಿಂದ ಭಾಗಿಸಿ 100ರಿಂದ ಗುಣಿಸಿದರೆ ರಕ್ಷಣೆ ಶೇಕಡ 60.

ಆದರೆ ಈ ಲೆಕ್ಕದಲ್ಲಿ ಮೋಸಹೋಗುವ ಸಂಭವವುಂಟು. ಒಂದು ಅಂಗಳವು ಕೆರೆಯ ಪಕ್ಕದಲ್ಲಿದ್ದು ಇನ್ನೊಂದು ದಿಣ್ಣೆಯ ಮೇಲಿದ್ದರೆ, ಏನನ್ನೂ ಹೊತ್ತಿಸದಿದ್ದರೂ ಒಂದರಲ್ಲಿ 80, ಇನ್ನೊಂದರಲ್ಲಿ 40 ಸೊಳ್ಳೆಗಳು ಬರಬಹುದು. ದಿಣ್ಣೆಯ ಮೇಲೆ ಕೆಲಸಕ್ಕೆ ಬಾರದ ಬತ್ತಿಯನ್ನಿಟ್ಟರೂ ಅದು ಅರ್ಧದಷ್ಟು ಸೊಳ್ಳೆಗಳನ್ನು ಓಡಿಸಿದಂತೆ ತೋರುವುದು! ಇದಕ್ಕೆ ಪರಿಹಾರ ಅದಲುಬದಲು. ಇಂದು ಹೊಗೆಯಿದ್ದ ಕಡೆ ನಾಳೆ ಇರಬಾರದು. ಎಣಿಸುವವರೂ ಸ್ಥಳ ಬದಲಿಸಬೇಕು, ಏಕೆಂದರೆ ಎಲ್ಲರ ಮೈವಾಸನೆಗೂ ಸೊಳ್ಳೆ ಒಂದೇ ರೀತಿ ಮುತ್ತುವುದಿಲ್ಲ. ಗಾಳಿಯ ದಿಕ್ಕು, ವೇಗ, ಮಳೆ, ಬಿಸಿಲು ಇವನ್ನು ಪ್ರತಿ ಸಂಜೆಯೂ ಬರೆದಿಡಬೇಕು. ಒಂದೆರಡು ರಾತ್ರಿಯ ಎಣಿಕೆಯಿಂದ ತೀರ್ಮಾನ ಕೂಡದು. ಗಾಳಿ ಜೋರಾದ ದಿನ ಸೊಳ್ಳೆಯೂ ತಾನಾಗಿ ಕಡಮೆಯಾಗುತ್ತದೆ.

ಎಣಿಸುವ ಹೊತ್ತೂ ಮುಖ್ಯ. ಏಡೀಸ್ ಹಗಲಿನಲ್ಲಿ ಕಚ್ಚುತ್ತದೆ. ಮಲೇರಿಯ ಹರಡುವ ಅನಾಫಿಲಿಸ್, ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ರಾತ್ರಿಯವು. ಕ್ಯೂಲಿಕಾಯ್ಡಿಸ್ ಸಾಮಾನ್ಯವಾಗಿ ಮುಸ್ಸಂಜೆಯಿಂದ ಬೆಳಗಿನವರೆಗೆ ಹಾರಾಡುತ್ತದೆ. ದನಗಳ ಕಾಲಿಗೆ ಮುತ್ತುವ, ಮನೆನೊಣದಂತೆಯೇ ಕಾಣುವ ಕೊಟ್ಟಿಗೆಯ ಕಚ್ಚುವ ನೊಣಕ್ಕೆ ಹಗಲೇ ಬೇಟೆಯ ವೇಳೆ. ಸಂಜೆ ಹಾಕಿದ ಹೊಗೆಯಿಂದ ಅದಕ್ಕೇನು ಬಾಧೆ? ಸೊಳ್ಳೆಗೆ ಫಲಿಸಿದ್ದು ನೊಣಕ್ಕೂ ಫಲಿಸಬೇಕೆಂಬ ನಿಯಮವಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸತಕ್ಕದ್ದು.

ತಜ್ಞರು ಮೊಣಕಾಲಿನಿಂದ ಕೆಳಗೆ ಕಾಲನ್ನು ತೆರೆದಿಟ್ಟು, ಬಂದು ಕುಳಿತ ಸೊಳ್ಳೆಯನ್ನು ಕಚ್ಚುವುದಕ್ಕೆ ಮುಂಚೆಯೇ ಹೀರುನಳಿಕೆಯಿಂದ ಹಿಡಿದು ಎಣಿಸುವುದುಂಟು. ಇದು ಅಪಾಯದ ಕೆಲಸ. ಒಪ್ಪಿಗೆ, ವೈದ್ಯರ ಮೇಲ್ವಿಚಾರಣೆಗಳಿಲ್ಲದೆ ಕೂಡದು. ವಿದ್ಯಾರ್ಥಿಗಳು ಇದನ್ನು ಎಂದಿಗೂ ಅನುಕರಿಸಬಾರದು. ಅದಕ್ಕೆ ಬದಲಾಗಿ ಕೀಟಗಳನ್ನು ಒಳಗೆಳೆಯುವ ಬೀಸಣಿಗೆಯ ಬಲೆಗಳನ್ನು ಬಳಸುವುದುಂಟು. ಕ್ಯೂಲಿಕಾಯ್ಡಿಸ್‌ಗೆ ನೇರಳಾತೀತ ದೀಪದ ಬಲೆ ರೂಢಿಯಲ್ಲಿದೆ.

ಹೀಗೆ ಪರೀಕ್ಷಿಸಿದಾಗ ಕೆಲವು ನಂಬಿಕೆಗಳು ನಿಲ್ಲುವುದಿಲ್ಲ. ಕಿವಿಗೆ ಕೇಳದ ಶಬ್ದದಿಂದ ಸೊಳ್ಳೆ ಓಡಿಸುವುದೆಂದು ಮಾರುವ ವಿದ್ಯುತ್ ಯಂತ್ರಗಳ ಮೇಲೆ ನಡೆದ ಹತ್ತು ಬಯಲು ಪ್ರಯೋಗಗಳನ್ನು 2007ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕಡಿತವು ಕಡಮೆಯಾದ ಕುರುಹೇ ದೊರೆಯಲಿಲ್ಲ.

ಫಲವುಂಟೆಂದು ಕಂಡ ಮೇಲೂ ಮೂರು ವಿಷಯಗಳನ್ನು ಮರೆಯಬಾರದು. ಮೊದಲನೆಯದು ಹೊಗೆ. ಒಂದು ಸೊಳ್ಳೆಬತ್ತಿಯು ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಧೂಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮುಚ್ಚಿದ ಕೋಣೆಯಲ್ಲಿ, ಮಕ್ಕಳ ಬಳಿ ಅದನ್ನು ಹೊತ್ತಿಸಬಾರದು. ಎರಡನೆಯದು ರೇಷ್ಮೆ. ಹಿಂದೂಪುರದ ಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕುವ ಸಂಸಾರಗಳು ಅನೇಕ. ಸೊಳ್ಳೆಯನ್ನು ಕೆಡಹುವ ಔಷಧವು ರೇಷ್ಮೆಹುಳುವಿಗೂ ವಿಷವೇ. ಹುಳು ಸಾಕುವ ಮನೆಯಲ್ಲಾಗಲಿ ಅದರ ಕಿಟಕಿಯ ಬಳಿಯಲ್ಲಾಗಲಿ ಸೊಳ್ಳೆಬತ್ತಿಯನ್ನಿಟ್ಟರೆ ತಿಂಗಳ ದುಡಿಮೆ ಹಾಳಾಗಬಹುದು. ಮೂರನೆಯದು ನೆರೆಹೊರೆ. ನಮ್ಮ ಅಂಗಳದಿಂದ ಓಡಿದ ಸೊಳ್ಳೆ ಹಸಿದೇ ಇರುತ್ತದೆ. ಅದು ಬತ್ತಿ ಕೊಳ್ಳಲು ಕಾಸಿಲ್ಲದವರ ಗುಡಿಸಲನ್ನು ಹೊಕ್ಕರೆ ನಮ್ಮ ರಕ್ಷಣೆ ಅವರಿಗೆ ಕಂಟಕವಾಗುತ್ತದೆ. ಆದುದರಿಂದ ಸುತ್ತಣ ಮನೆಗಳಲ್ಲಿಯೂ ಎಣಿಸಿದ ಪರೀಕ್ಷೆಯೇ ಪೂರ್ಣವಾದ ಪರೀಕ್ಷೆ.

ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ, 1883ರ ಸುಮಾರಿಗೆ, ಬೆಂಗಳೂರಿನಲ್ಲಿದ್ದಾಗಲೇ ನಿಂತ ನೀರಿಲ್ಲದಂತೆ ಮಾಡಿದರೆ ಸೊಳ್ಳೆ ಕಡಮೆಯಾಗುವುದನ್ನು ಮನಗಂಡಿದ್ದರು. ಆ ಪಾಠ ಇಂದಿಗೂ ಹಳತಾಗಿಲ್ಲ. ವಾರಕ್ಕೊಮ್ಮೆ ತೊಟ್ಟಿಯನ್ನು ಉಜ್ಜಿ ಒಣಗಿಸುವುದು, ಡ್ರಮ್ಮಿಗೆ ಬಟ್ಟೆ ಕಟ್ಟುವುದು, ರೊಪ್ಪದ ಸಗಣಿಗೊಬ್ಬರದ ಕೆಸರನ್ನು ತೆಗೆಯುವುದು, ಮಳೆಗಾಲಕ್ಕೆ ಮೊದಲೇ ಕುರಿಗಳಿಗೆ ನೀಲಿ ನಾಲಿಗೆಯ ಲಸಿಕೆ ಹಾಕಿಸುವುದು, ಇವೇ ಮೂಲ ರಕ್ಷಣೆ. ಹೊಗೆಯು ಇವುಗಳ ಜೊತೆಗಾರನಾಗಬಹುದು. ಇವುಗಳ ಸ್ಥಾನವನ್ನು ಅದು ತುಂಬಲಾರದು. ಎಣಿಸಿ ತಿಳಿಯುವ ಅಭ್ಯಾಸವನ್ನು ನಮ್ಮ ಶಾಲೆಯ ಮಕ್ಕಳು ಬೆಳೆಸಿಕೊಂಡರೆ, ಅಂಗಡಿಯ ಡಬ್ಬಿಯ ಮೇಲಿನ ಮಾತಿಗೂ ಹಿರಿಯರ ರೂಢಿಗೂ ತಕ್ಕ ಬೆಲೆಯನ್ನು ಅವರೇ ಕಟ್ಟಬಲ್ಲರು.