ಬೇಹಿನ ಕಣ್ಣು

ಹಗೆಯ ದಂಡು ಏರಿ ಬಂದರೆ ದಿಗಂತದಲ್ಲಿ ಧೂಳೇಳುವುದು, ಭೇರಿ ಮೊಳಗುವುದು, ಕೋಟೆಯ ಕಾವಲಿನವನು ಕೊಂಬೂದಿ ಊರನ್ನೆಚ್ಚರಿಸುವನು. ನಾವು ಕಾವ್ಯಗಳಲ್ಲಿ ಓದಿ ಬಲ್ಲ ಯುದ್ಧ ಇದು. ಧೂಳಾಗಲಿ ಸದ್ದಾಗಲಿ ಇಲ್ಲದ ಇನ್ನೊಂದು ಬಗೆಯ ದಾಳಿಯನ್ನು ನಮ್ಮ ಕಾಲವು ಕಂಡಿದೆ. ಒಂದು ರಾಷ್ಟ್ರವು ಮತ್ತೊಂದರ ಕಂಪ್ಯೂಟರುಗಳೊಳಗೆ ಕಳ್ಳಹೆಜ್ಜೆಯಿಟ್ಟು ನುಗ್ಗುವ ಈ ಕಾಳಗದ ಬಗೆಯನ್ನರಿಯಲು ಯುಕ್ರೇನ್ ದೇಶದ ಅನುಭವವೊಂದು ಸಾಕು.

2015ನೆಯ ಇಸವಿ ಡಿಸೆಂಬರ್ 23, ಚಳಿಗಾಲದ ಇಳಿಹಗಲು. ಆ ದೇಶದ ಪಶ್ಚಿಮ ಭಾಗದ ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ನೌಕರರ ಕಣ್ಣೆದುರಿಗೇ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಸರಿದಾಡತೊಡಗಿತು. ಮೌಸು ಅವರ ಕೈಮಾತನ್ನು ಕೇಳಲಿಲ್ಲ. ನೋಡನೋಡುತ್ತಿದ್ದಂತೆ ಉಪಕೇಂದ್ರಗಳು ಒಂದೊಂದಾಗಿ ಆರಿಹೋದವು. ಮೂರು ವಿದ್ಯುತ್ ಕಂಪೆನಿಗಳಿಗೆ ಸೇರಿದ ಸುಮಾರು 2,25,000 ಗ್ರಾಹಕರಿಗೆ ಕತ್ತಲೆ ಕವಿಯಿತು. ದೂರು ಹೇಳೋಣವೆಂದರೆ ಸುಳ್ಳು ಕರೆಗಳ ಮಳೆಗರೆದು ದೂರವಾಣಿಯನ್ನೂ ಕಟ್ಟಿಹಾಕಿದ್ದರು. ಸಿಬ್ಬಂದಿಯವರು ಉಪಕೇಂದ್ರಗಳಿಗೆ ಧಾವಿಸಿ, ಕೈಯಿಂದಲೇ ಸಂಪರ್ಕಗಳನ್ನು ಕೂಡಿಸಿದ ಮೇಲೆ, ಕೆಲವು ಗಂಟೆಗಳ ಅನಂತರ ದೀಪಗಳು ಬೆಳಗಿದವು.

ದಾಳಿ ಆರಂಭವಾದದ್ದು ಆ ದಿನವೇ? ಅಲ್ಲ. ತಿಂಗಳುಗಳ ಹಿಂದೆಯೇ, ಸಾಧಾರಣವೆಂದು ತೋರುವ ಇ-ಮೇಲ್ ಪತ್ರದ ಲಗತ್ತಿನಲ್ಲಡಗಿ, 'ಬ್ಲ್ಯಾಕ್‌ಎನರ್ಜಿ' ಎಂಬ ಕೇಡಿನ ತಂತ್ರಾಂಶವು ಒಳಹೊಕ್ಕಿತ್ತು. ಹೊಕ್ಕವರು ಪಾಸ್‌ವರ್ಡುಗಳನ್ನು ಕದ್ದು, ಯಂತ್ರಗಳ ನಡೆಯನ್ನು ಕಲಿತು, ಹೊತ್ತು ನೋಡುತ್ತಿದ್ದರು. ಕಳ್ಳನು ಮನೆಯೊಳಗೇ ಬಿಡಾರ ಮಾಡಿದ್ದರೂ ಮನೆಯವರಿಗೆ ಅವನ ಸುಳಿವಿರಲಿಲ್ಲ. ಈ ಕೃತ್ಯಕ್ಕಾಗಿ 2020ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು ರಷ್ಯದ ಸೇನಾ ಗುಪ್ತಚರ ಸಂಸ್ಥೆಯ ಆರು ಮಂದಿ ಅಧಿಕಾರಿಗಳ ಮೇಲೆ ದೋಷಾರೋಪ ಹೊರಿಸಿತು. ರಷ್ಯವು ಅದನ್ನು ಅಲ್ಲಗಳೆಯಿತು.

2022ರ ಏಪ್ರಿಲಿನಲ್ಲಿ ಅದೇ ಜಾಡಿನ ಮತ್ತೊಂದು ಹೊಂಚು ನಡೆಯಿತು. 8ನೆಯ ತಾರೀಖಿನ ಸಂಜೆಗೆ ಮುಹೂರ್ತವಿಟ್ಟಿದ್ದ ಆ ಯತ್ನವನ್ನು, ಸ್ಲೊವಾಕಿಯದ ಈಸೆಟ್ ಸಂಸ್ಥೆಯ ನೆರವಿನೊಡನೆ ಪತ್ತೆಹಚ್ಚಿ ತಡೆದುದಾಗಿ ಯುಕ್ರೇನಿನ ಅಧಿಕಾರಿಗಳು ಪ್ರಕಟಿಸಿದರು. ಹಿಂದಿನ ದಾಳಿಗಳ ಹೆಜ್ಜೆಗುರುತುಗಳನ್ನು ವರ್ಷಗಟ್ಟಲೆ ಅಭ್ಯಾಸಮಾಡಿದ್ದ ಕಣ್ಣುಗಳಿಗೆ ಹಗೆಯ ನಡೆ ಪರಿಚಿತವಾಗಿತ್ತು.

ಚಾರರನ್ನು ಅರಸನ ಕಣ್ಣೆಂದು ನಮ್ಮ ಪ್ರಾಚೀನ ರಾಜನೀತಿ ಬಗೆಯಿತು. ಅದಕ್ಕೆ ಕನ್ನಡದಲ್ಲಿ 'ಬೇಹು' ಎಂಬ ಸೊಗಸಾದ ಮಾತಿದೆ. ಅದನ್ನು ಕೇಳಿದೊಡನೆ ಕುತಂತ್ರವೆಂದು ಮೂಗು ಮುರಿಯುವವರುಂಟು. ಆದರೆ ಹಗೆಯ ಹೊಂಚನ್ನು ಮುಂಚಿತವಾಗಿ ಅರಿತು, ಅರಿತುದನ್ನು ನೆರೆಯವರಿಗೂ ತಿಳಿಸುವ ಬೇಹು, ದೀಪವನ್ನು ಕಾಯುವ ಕೆಲಸ. ಆ ಕೆಲಸ ಸರ್ಕಾರದ್ದು, ಪರಿಣತರದ್ದು; ನಿಜ. ಆದರೂ 2015ರಲ್ಲಿ ಆ ಲಗತ್ತನ್ನು ತೆರೆದ ಕೈ ಸೇನಾಪತಿಯದಲ್ಲ, ಕಚೇರಿಯ ನೌಕರನದು ಎಂಬುದನ್ನು ದಿನವೂ ಪತ್ರ ತೆರೆಯುವ ನಾವು ಮರೆಯಬಾರದು.