ದನದ ಅಂಕಣಕ್ಕೆ ಬಂದ ಕಾರು, ಗೋಡೆಗೆ ಬಡಿಯುವ ಬಾಗಿಲು

"ನಿನ್ ಕಾರಿಗೆ ಗಾಯ ಆಗೋದು ಬ್ಯಾಡಪ, ನಾ ಬಸ್ಸಿಗೇ ಹೋಗ್ತೀನಿ."

ನಮ್ಮವ್ವ ಹೀಗಂದು ಕಾರು ಹತ್ತುವುದನ್ನೇ ಬಿಟ್ಟಾಗ ನನಗೆ ನಾಚಿಕೆಯಾಯಿತು. ಅವಳ ಮಂಡಿನೋವಿಗೆ ಹೊಸಪೇಟೆಗೆ ಕರೆದುಕೊಂಡು ಹೋಗಿಬರಲು ಅನುಕೂಲವಾಗಲಿ ಎಂದೇ ತೆಗೆದುಕೊಂಡ ಹಳೆಯ ಮಾರುತಿ 800 ಅದು. ಪ್ರತಿ ಸಲ ಇಳಿಯುವಾಗ ನಾನು "ಮೆಲ್ಲಗ, ಮೆಲ್ಲಗ" ಎಂದು ಕೂಗುವುದು, ಬಾಗಿಲು ಗೋಡೆಗೆ ಟಣ್ ಎನ್ನುವುದು, ಆಮೇಲೆ ಇಬ್ಬರೂ ಮುಖ ಊದಿಸಿಕೊಳ್ಳುವುದು. ಆರು ತಿಂಗಳಲ್ಲಿ ಬಾಗಿಲ ಅಂಚಿನ ಬಣ್ಣ ಬೆರಳಗಲ ಎದ್ದು, ಒಳಗಿನ ತಗಡಿಗೆ ತುಕ್ಕು ಬಿದ್ದಿತ್ತು.

ತಪ್ಪು ಅವ್ವನದಲ್ಲ, ನೆಲದ್ದು. ಅದು ತಿಳಿಯಲು ನನಗೆ ಒಂದು ನಿಂಬೆಹಣ್ಣು ಬೇಕಾಯಿತು.

ನಮ್ಮೂರು ದೋಣಿಮಲೈ ಗುಡ್ಡದ ಕೆಳಗೆ. ಈ ಕಡೆಯ ಹಳೆ ಮನೆಗಳು ಗೊತ್ತಲ್ಲ, ಮುಂದಿನ ಅಂಕಣ ದನಕ್ಕೆ, ಒಳಗೆ ಎತ್ತರದಲ್ಲಿ ಮಂದಿಗೆ. ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರಿಗೆ ಹೊಂದಿಕೊಂಡ ಮೇಲೆ ಎತ್ತಿನ ಅಂಕಣ ಖಾಲಿ ಬಿತ್ತು. ಗೋದಲಿ ಒಡೆದು ಕಾರು ಒಳಗೆ ತಂದೆ. ಪಕ್ಕದ ಅಂಕಣದಲ್ಲಿ ಎರಡು ಎಮ್ಮೆ ಈಗಲೂ ಇವೆ. ನಮ್ಮಲ್ಲಿ ಗ್ಯಾರೇಜು ಅಂದರೆ ರಿಪೇರಿ ಅಂಗಡಿ, ಹಾಗಾಗಿ ಇದನ್ನು ಮನೆಯಲ್ಲಿ ಶೆಡ್ಡು ಅಂತಲೇ ಕರೆಯುತ್ತೇವೆ.

ಅಳತೆ ಹೇಳಿಬಿಡುತ್ತೇನೆ. ಗೋಡೆಯಿಂದ ಗೋಡೆಗೆ ಎಂಟೂವರೆ ಅಡಿ. ಮಾರುತಿ 800ರ ಅಗಲ 1440 ಮಿಲಿಮೀಟರ್, ಅಂದರೆ ಸುಮಾರು ನಾಲ್ಕು ಅಡಿ ಒಂಬತ್ತು ಅಂಗುಲ. ಉಳಿಯುವುದು 45 ಅಂಗುಲ. ಎರಡೂ ಕಡೆ ಸರಿಸಮ ಬಿಟ್ಟರೆ ಯಾರೂ ನೆಟ್ಟಗೆ ಇಳಿಯುವಂತಿಲ್ಲ. ಬೊಲೆರೊ ಇಟ್ಟವರಿಗೆ ಇನ್ನೂ ಕಷ್ಟ. ಅದು 1745 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಅಡಿ ಹೆಚ್ಚು ಅಗಲ.

ಮೊದಲು ನಾನು ಮಾಡಿದ ಉಪಾಯಗಳೆಲ್ಲ ಗೋಡೆಯ ಮೇಲೆಯೇ. ಗೋಣಿಚೀಲಕ್ಕೆ ಹುಲ್ಲು ತುಂಬಿ ಗೋಡೆಗೆ ಕಟ್ಟಿದೆ. ಇದನ್ನು ಹೇಳಿಕೊಟ್ಟವರು ಕಂಪ್ಲಿಯ ನಮ್ಮ ಬೀಗರು. ಅವರು ತಮ್ಮ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಭತ್ತದ ಹೊಟ್ಟು ತುಂಬಿದ ಚೀಲ ಕಟ್ಟಿದ್ದರು. ಎರಡೇ ತಿಂಗಳಲ್ಲಿ ನನ್ನ ಚೀಲದೊಳಗೆ ಇಲಿ ಮರಿ ಹಾಕಿತು. ಒಂದು ಬೆಳಿಗ್ಗೆ ಕಾರು ಚಾಲೂ ಆಗಲಿಲ್ಲ. ಬಾನೆಟ್ ಎತ್ತಿ ನೋಡಿದರೆ ವೈರು ತುಂಡು ತುಂಡು. ಬೀಗರಿಗೆ ಫೋನು ಮಾಡಿದೆ. "ಹೌದ್ರೀ, ನಮ್ದೂ ಕಡಿದಾವು, ಹೇಳೋದು ಮರೆತೆ" ಅಂದರು! ಹುಲ್ಲು, ಹೊಟ್ಟು, ಹತ್ತಿ ಇವನ್ನು ಕಾರಿನ ಬಳಿ ತುಂಬಿಡಬೇಡಿ. ಒಂದು ಬಾಗಿಲಿನ ಟಿಂಕರಿಂಗಿಗಿಂತ ವೈರಿಂಗ್ ಖರ್ಚು ದೊಡ್ಡದು.

ಮುಂದೆ ಟೈರು. ಅದಿರು ಲಾರಿ ಓಡಾಡುವ ಊರಿನಲ್ಲಿ ಹಳೆ ಟೈರಿಗೆ ಬರವಿಲ್ಲ. ಕೊಯ್ದು ಗೋಡೆಗೆ ಜೋಡಿಸಿದೆ. ಈಗಿನ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ ಎಂಬುದು ಆಗ ಲಕ್ಷ್ಯಕ್ಕೆ ಬರಲಿಲ್ಲ. ಕೊಯ್ದ ಅಂಚಿನಿಂದ ಸೂಜಿಯಂತೆ ಹೊರಬಂದ ತಂತಿಗಳು ಬಾಗಿಲ ಮೇಲೆ ನಾಲ್ಕು ಗೀರು ಎಳೆದವು. ಗೋಡೆಯೇ ವಾಸಿ ಅನ್ನಿಸಿತು.

ನಿಂಬೆಹಣ್ಣಿನ ಪರೀಕ್ಷೆ

ಒಂದು ದಿನ ಸಂತೆಯ ಚೀಲ ಇಳಿಸುವಾಗ ನಿಂಬೆಹಣ್ಣೊಂದು ಬಿದ್ದು, ಉರುಳುತ್ತಾ ಹೋಗಿ ಬಲಗೋಡೆಯ ಬುಡದಲ್ಲಿ ನಿಂತಿತು. ಅದೇ ಜಾಗದಲ್ಲಿ ಹಿಂದೆ ಗಂಜಲದ ಕಾಲುವೆ ಇತ್ತು. ದನದ ನೆಲವನ್ನು ಹಿರಿಯರು ಬೇಕೆಂದೇ ಇಳಿಜಾರು ಮಾಡಿರುತ್ತಾರೆ, ಗೋದಲಿಯ ಕಡೆ ಎತ್ತರ, ಕಾಲುವೆಯ ಕಡೆ ತಗ್ಗು. ಗೌಂಡಿಯಿಂದ ನೀರಿನ ಮಟ್ಟದ ಪೈಪು ತಂದು ನೋಡಿದೆ. ಎಂಟೂವರೆ ಅಡಿಗೆ ಮೂರು ಅಂಗುಲ ಇಳಿತ.

ಕಾರನ್ನು ಮೂತಿ ಮುಂದಾಗಿ ಒಳಗೆ ತಂದರೆ ನನ್ನ ಬಾಗಿಲು ತಗ್ಗಿನ ಕಡೆ. ಚಿಲಕ ತೆಗೆದೊಡನೆ ತನ್ನಷ್ಟಕ್ಕೆ ತಾನೇ ಬಿಚ್ಚಿಕೊಂಡು ಗೋಡೆಗೆ ಬಡಿಯುತ್ತಿತ್ತು. ಅವ್ವನ ಬಾಗಿಲು ಏರಿನ ಕಡೆ. ಮಂಡಿ ಹಿಡಿದುಕೊಂಡು ಏಳುವ ಮುದುಕಿ ಅದನ್ನು ಏರಿಗೆ ನೂಕಬೇಕು. ಮೆಲ್ಲಗೆ ನೂಕಿದರೆ ಮರಳಿ ಬಂದು ಕಾಲಿಗೇ ಹೊಡೆಯುತ್ತದೆ. ಹಾಗಾಗಿ ಅವಳು ಪಾದ ಕೊಟ್ಟು ಜೋರಾಗಿ ಒದೆಯುತ್ತಿದ್ದಳು. ನಾನು ಬೈಯುತ್ತಿದ್ದುದು ಅದಕ್ಕೆ.

ಕಾರಿನ ಬಾಗಿಲಲ್ಲಿ ಎರಡು ಕೀಲುಗಳ ನಡುವೆ ಒಂದು ತಡೆಪಟ್ಟಿ ಇರುತ್ತದೆ. ಅರ್ಧ ತೆರೆದಾಗ ಒಂದು ಕಡೆ, ಪೂರ್ತಿ ತೆರೆದಾಗ ಇನ್ನೊಂದು ಕಡೆ ಕಚ್ಚಿ ನಿಲ್ಲಿಸುವುದು ಅದೇ. ಹಳೆ ಕಾರಿನಲ್ಲಿ ಇದು ಸವೆದು ಹಿಡಿತ ಬಿಟ್ಟಿರುತ್ತದೆ. ನಮ್ಮದೂ ಸವೆದಿತ್ತು. ಬದಲಿಸಿದ್ದಕ್ಕೆ ಅರ್ಧ ಗುಣ ಬಂತು. ಬಾಗಿಲು ತೂಗಾಡುತ್ತಿದ್ದರೆ ಗೋಡೆಗೆ ಕೈ ಹಾಕುವ ಮೊದಲು ಇದನ್ನು ನೋಡಿಸಿ.

ಇನ್ನರ್ಧಕ್ಕೆ ಕಾರನ್ನೇ ತಿರುಗಿಸಿದೆ. ಈಗ ಹಿಮ್ಮುಖವಾಗಿ ಒಳಗೆ ತರುತ್ತೇನೆ. ಅವ್ವನ ಬಾಗಿಲು ತಗ್ಗಿನ ಕಡೆಗೆ ಬಂತು, ಬೆರಳು ಮುಟ್ಟಿಸಿದರೆ ತಾನೇ ತೆರೆಯುತ್ತದೆ, ಮರಳಿ ಬರುವುದಿಲ್ಲ. ಆ ಕಡೆ 27 ಅಂಗುಲ ಬಿಟ್ಟೆ, ನನ್ನ ಕಡೆ 18. ನಾನು ಬಡಕಲು, ನುಸುಳುತ್ತೇನೆ. ಬಾಗಿಲು ಬಡಿಯುವ ಗೋಡೆ ಈಗ ಒಂದೇ. ರಕ್ಷಣೆ ಮಾಡಬೇಕಾದದ್ದೂ ಅಲ್ಲಿ ಮಾತ್ರ. ಬೆಳಿಗ್ಗೆ ಹೊರಡುವಾಗ ಮೂತಿ ಬೀದಿಗೆ ಇರುವುದರಿಂದ ಆಡುವ ಮಕ್ಕಳು ಕಣ್ಣಿಗೆ ಬೀಳುತ್ತಾರೆ, ಅದು ಇನ್ನೊಂದು ಲಾಭ. ಆದರೆ ಒಂದು ಎಚ್ಚರ. ಹೊಗೆಕೊಳವೆ ಒಳಕ್ಕೆ ಮುಖ ಮಾಡಿರುತ್ತದೆ. ಪೆಟ್ರೋಲ್ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಮುಚ್ಚಿದ ಜಾಗದಲ್ಲಿ ಮನುಷ್ಯರನ್ನೂ ದನವನ್ನೂ ಕೊಲ್ಲುವಂಥದ್ದು. ನಿಲ್ಲಿಸಿದೊಡನೆ ಇಂಜಿನ್ ಆರಿಸಬೇಕು, ಚಾಲೂ ಮಾಡಿದೊಡನೆ ಹೊರಗೆ ತರಬೇಕು. ಒಳಗೆ ನಿಂತು ಬಿಸಿ ಮಾಡುವ ಚಟ ಬೇಡ.

"ಮಂದೀನ ಹೊರಗೇ ಇಳಿಸಿ ಆಮೇಲೆ ಕಾರು ಒಳಗ ತಗಂಡ್ರ ಆತಲ್ಲ" ಎಂದು ಕೇಳುವವರಿದ್ದಾರೆ. ಅನುಕೂಲ ಇದ್ದವರು ಹಾಗೇ ಮಾಡಿ, ಅದಕ್ಕಿಂತ ಸುಲಭದ್ದಿಲ್ಲ. ನಮ್ಮ ಮನೆ ಮುಂದೆ ತೆರೆದ ಚರಂಡಿ, ಮೇಲೆ ಹಾಸಿದ ಬಂಡೆ. ಅವ್ವ ಅಲ್ಲಿ ಇಳಿಯಲಾರಳು.

ಗೋಡೆಗೆ ಕೈ ಹಾಕುವ ಮೊದಲು ಕಾರು ದಿನವೂ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡಿ. ಇಲ್ಲವಾದರೆ ಇಡೀ ಗೋಡೆಗೆ ಹಾಸಬೇಕಾಗುತ್ತದೆ. ಹಿಂದಿನ ಚಕ್ರ ತಾಗಿ ನಿಲ್ಲಲು ಜಾಲಿಯ ತುಂಡನ್ನು ನೆಲಕ್ಕೆ ಗೂಟ ಹೊಡೆದು ಕೂರಿಸಿದೆ. ಚಕ್ರದ ದಾರಿಗೆ ಒಂದು ಸುಣ್ಣದ ಗೆರೆ. ಕನ್ನಡಿಯಲ್ಲಿ ಗೆರೆ ನೋಡುತ್ತಾ ಹಿಂದೆ ಬಂದರೆ ಅಂಗುಲ ತಪ್ಪದೆ ನಿಲ್ಲುತ್ತದೆ. ಮೂತಿ ಮುಂದಾಗಿ ನಿಲ್ಲಿಸುವವರಿಗೆ ಇನ್ನೂ ಸುಲಭ. ಹೊರದೇಶಗಳಲ್ಲಿ ಸೂರಿನಿಂದ ಟೆನಿಸ್ ಚೆಂಡು ಇಳಿಬಿಟ್ಟು, ಅದು ಮುಂದಿನ ಗಾಜಿಗೆ ತಾಗಿದಲ್ಲಿ ನಿಲ್ಲಿಸುತ್ತಾರಂತೆ. ನಮಗೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಸಾಕು, ಹಗುರ, ಪುಕ್ಕಟೆ.

ಆಮೇಲೆ ಬಾಗಿಲ ಅಂಚಿಗೆ ಮೇಲಿಂದ ಕೆಳತನಕ ಸೀಮೆಸುಣ್ಣ ಬಳಿದು ಮೆಲ್ಲಗೆ ತೆರೆಯಿರಿ. ಗೋಡೆಯ ಮೇಲೆ ಬೀಳುವ ಗುರುತು ಒಂದು ಗೇಣೂ ಇರುವುದಿಲ್ಲ. ಬಾಗಿಲು ಉಬ್ಬಿದ ಕಡೆ ಮಾತ್ರ ತಾಗುತ್ತದೆ. ನಮ್ಮದು ನೆಲದಿಂದ ಎರಡಡಿ ಮೇಲೆ. ಇದನ್ನು ಎರಡು ಸಲ ಮಾಡಬೇಕು, ಕಾರು ಖಾಲಿ ಇದ್ದಾಗ ಒಮ್ಮೆ, ಉಳ್ಳಾಗಡ್ಡಿ ಚೀಲ ಹೇರಿದಾಗ ಒಮ್ಮೆ. ಹೇರಿದಾಗ ಕಾರು ಕುಗ್ಗುತ್ತದೆ, ಗುರುತೂ ಕೆಳಗೆ ಬರುತ್ತದೆ.

ಕೆಂಪು ಧೂಳಿನ ಕಥೆ

ಗೋಡೆಗೆ ಕಟ್ಟಿದ್ದು ಕನ್ವೇಯರ್ ಬೆಲ್ಟಿನ ತುಂಡು. ದೋಣಿಮಲೈಯಲ್ಲಿ ಎನ್‌ಎಂಡಿಸಿಯ ಗಣಿ ಶುರುವಾದದ್ದು 1977ರಲ್ಲಿ. ಗಣಿ ಇದ್ದಲ್ಲಿ ಅದಿರು ಸಾಗಿಸುವ ಬೆಲ್ಟು ಇದ್ದೇ ಇರುತ್ತದೆ. ಸವೆದ ಬೆಲ್ಟು ಗುಜರಿಗೆ ಬಂದು, ಹಸುವಿನ ಕಾಲಡಿಗೆ ಹಾಸಲು ಹೈನುಗಾರರು ಒಯ್ಯುತ್ತಾರೆ. ನಾನು ಹೊಸಪೇಟೆಯ ಗುಜರಿ ಅಂಗಡಿಯಿಂದ ಮೂರಡಿ ಉದ್ದ, ಎಂಟು ಅಂಗುಲ ಅಗಲದ ಪಟ್ಟಿ ತಂದೆ. ಕೊಳ್ಳುವಾಗ ಅಂಚು ನೋಡಿ. ಒಳಗೆ ಬಟ್ಟೆಯ ಪದರ ಇದ್ದದ್ದು ಬೇಕು, ಉಕ್ಕಿನ ಹುರಿ ಇದ್ದದ್ದು ಬೇಡ.

ಬೆಲ್ಟು ಒಂದೇ ಆದರೆ ಗಡಸು. ಅದರ ಹಿಂದೆ ಸ್ಕೂಟರಿನ ಹಳೆ ಟ್ಯೂಬಿಗೆ ಸ್ವಲ್ಪವೇ ಗಾಳಿ ಹಾಕಿ ತೂಗುಬಿಟ್ಟೆ. ಬರೀ ಟ್ಯೂಬು ಇದ್ದರೆ ಬಾಗಿಲ ತೆಳು ಅಂಚು ಅದನ್ನು ಒತ್ತಿಕೊಂಡು ಹೋಗಿ ಕಲ್ಲಿಗೇ ತಾಗುತ್ತದೆ. ಮುಂದೆ ಬೆಲ್ಟು ಇದ್ದರೆ ಒತ್ತು ಹರಡಿಕೊಳ್ಳುತ್ತದೆ. ಕಲ್ಲು ಮಣ್ಣಿನ ಹಳೆ ಗೋಡೆಗೆ ಮೊಳೆ ನಿಲ್ಲದು, ಆದರೆ ದನ ಕಟ್ಟುತ್ತಿದ್ದ ಗೂಟ ಗೋಡೆಯಲ್ಲಿ ಇದ್ದೇ ಇತ್ತು. ಬೆಲ್ಟಿನ ಮೇಲಂಚಿಗೆ ಎರಡು ತೂತು ಕೊರೆದು ಹಗ್ಗದಲ್ಲಿ ಅದಕ್ಕೇ ಕಟ್ಟಿದೆ. ಸಡಿಲವಾಗಿ ತೂಗುವುದೇ ಒಳ್ಳೆಯದು, ಬಿಚ್ಚಿ ಕೊಡವಬಹುದು.

ಕೊಡವಲೇಬೇಕು. ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ, ಹೆಮಟೈಟ್ ಅದಿರಿನ ಪುಡಿ. ಒಂದರ್ಥದಲ್ಲಿ ಅದು ಆಗಲೇ ತುಕ್ಕು ಹಿಡಿದ ಕಬ್ಬಿಣ, ಕಾರಿನ ಬಣ್ಣಕ್ಕಿಂತ ಬಹಳ ಗಡಸು. ರಬ್ಬರಿನ ಮೇಲೆ ಕೂತರೆ ಉಜ್ಜುಕಾಗದವೇ ಸೈ. 2018ರ ನವೆಂಬರಿನಿಂದ 2021ರ ಫೆಬ್ರವರಿ ತನಕ ದೋಣಿಮಲೈ ಗಣಿ ನಿಂತಿತ್ತು. ಆಗಲೂ ನಮ್ಮ ಮನೆಯ ಕಟ್ಟೆ ಕೆಂಪಗೇ ಇತ್ತು, ಸುತ್ತಲಿನ ಬೇರೆ ಗಣಿಗಳ ಲಾರಿಗಳು ಓಡುತ್ತಲೇ ಇದ್ದವು. ಹಾಗಾಗಿ ಬೆಲ್ಟಿಗೆ ಹಳೆ ಪಂಚೆ ಸುತ್ತಿದ್ದೇನೆ, ವಾರಕ್ಕೊಮ್ಮೆ ಒಗೆಯುತ್ತೇವೆ. ಬಿಳಿ ಕಾರಿಗೆ ರಬ್ಬರಿನ ಕರಿ ಗುರುತು ಅಂಟುವುದೂ ಇದರಿಂದ ತಪ್ಪಿತು.

ಬಣ್ಣ ಎದ್ದ ಜಾಗವನ್ನು ಹಾಗೇ ಬಿಡಬೇಡಿ. ಬಾಗಿಲ ಅಂಚು ಎಂದರೆ ಮಡಚಿದ ತಗಡು, ನೀರು ಆ ಮಡಿಕೆಯೊಳಗೆ ನಿಂತರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಉಜ್ಜಿ, ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಹಚ್ಚಿ. ಬಾಗಿಲ ತಳದಲ್ಲಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ. ನಮ್ಮದರಲ್ಲಿ ಅದಿರು ಧೂಳು ಕೂತು ಗಾರೆಯಂತೆ ಗಟ್ಟಿಯಾಗಿತ್ತು. ಬೇವಿನ ಕಡ್ಡಿಯಿಂದ ಚುಚ್ಚಿದಾಗ ಒಂದು ಲೋಟ ಕೆಂಪು ನೀರು ಸುರಿಯಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಧ್ಯೆ ಒಮ್ಮೆ ಚುಚ್ಚಿ ನೋಡಿ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದರೆ ನೋಂದಣಿ ನವೀಕರಿಸಲು ತಪಾಸಣೆಗೆ ಒಯ್ಯಬೇಕು. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿದೆ, ನಮ್ಮಂಥವರ ಕೈಯಲ್ಲಿರುವವೆಲ್ಲ ಹಳೆಯವೇ. ತೂತು ಬಿದ್ದ ಬಾಗಿಲು ಹೊತ್ತು ಅಲ್ಲಿಗೆ ಹೋಗುವುದು ಬೇಡ.

ಇನ್ನೂ ಗಾಡಿ ಕೊಳ್ಳದವರು ಮೊದಲು ತಮ್ಮ ಅಂಕಣ ಅಳೆಯಲಿ. ಈಕೊದಂಥ ಗಾಡಿಯಲ್ಲಿ ಹಿಂದಿನ ಬಾಗಿಲು ಸರಿಯುತ್ತದೆ, ಗೋಡೆಯ ತಂಟೆಗೆ ಬರುವುದಿಲ್ಲ. ಮೊದಲೇ ಹೊಳೆದಿದ್ದರೆ ನಾನೂ ಅದನ್ನೇ ಹುಡುಕುತ್ತಿದ್ದೆ.

ಅವ್ವ ಈಗ ಮತ್ತೆ ಕಾರಿಗೆ ಬರುತ್ತಾಳೆ. ಬಾಗಿಲು ಬೆಲ್ಟಿಗೆ ತಾಗಿ ದಪ್ ಎಂದಾಗ ನನ್ನ ಕಡೆ ತಿರುಗಿ ನೋಡುತ್ತಾಳೆ, ನಾನು ಸುಮ್ಮನಿರುತ್ತೇನೆ. ಬೆಲ್ಟು ಕಟ್ಟಿ ಎರಡು ಮಳೆಗಾಲ ಕಳೆದವು. ಟ್ಯೂಬು ಮಾತ್ರ ಬೇಸಿಗೆಯ ಶಾಖಕ್ಕೆ ಬಿರಿದು ಒಮ್ಮೆ ಬದಲಿಸಿದ್ದೇನೆ. ಬಿರಿಯದಂಥದ್ದು, ಇಲಿ ತಿನ್ನದಂಥದ್ದು ಬೇರೇನಾದರೂ ಯಾರಾದರೂ ಕಟ್ಟಿ ನೋಡಿದ್ದರೆ ಪತ್ರಿಕೆಗೆ ಬರೆಯಿರಿ.