ಅಜ್ಜಿಯ ಪೆಟ್ಟಿಗೆಯೂ ಬೆಂಗಳೂರಿಗೆ ಬಂತು

ಊರಿನ ಮನೆ ಮಾರಿದಾಗ ಅಟ್ಟದ ಸಾಮಾನುಗಳದೇ ದೊಡ್ಡ ಚಿಂತೆಯಾಯಿತು. ಗುಜರಿಯವನು ಅಮ್ಮನ ಬೀಟೆ ಮರದ ಪೆಟ್ಟಿಗೆಯನ್ನು ಸೌದೆಯ ಲೆಕ್ಕದಲ್ಲಿ ಕೇಳಿದ. ಮದುವೆಯಾಗಿ ಬಂದಾಗ ತಂದ ಪೆಟ್ಟಿಗೆ ಅದು. ಅಮ್ಮ ಏನೂ ಹೇಳದೆ ಸೆರಗಿನಿಂದ ಮುಚ್ಚಳ ಒರೆಸುತ್ತ ಕುಳಿತರು. "ಅಜ್ಜಿ, ಇದೂ ನಮ್ಮ ಜೊತೆ ಬರಲಿ" ಎಂದು ಆರನೇ ತರಗತಿಯ ನನ್ನ ಮಗಳು ಹಟ ಹಿಡಿದಳು.

ಈಗ ಆ ಪೆಟ್ಟಿಗೆ ನಮ್ಮ ಫ್ಲ್ಯಾಟಿನಲ್ಲಿ ಸೋಫಾದ ಮುಂದೆ ಟೀಪಾಯ್ ಆಗಿದೆ. ಒಳಗೆ ಕಂಬಳಿಗಳಿವೆ, ಮೇಲೆ ಚನ್ನೆಮಣೆ. ಬಂದ ನೆಂಟರು ಮೊಬೈಲ್ ಬಿಟ್ಟು ಅದರ ಹದಿನಾಲ್ಕು ಗುಳಿಗಳಿಗೆ ಹುಣಸೆ ಬೀಜ ಹಾಕತೊಡಗುತ್ತಾರೆ!

ಹಳೆಯದು ಚೆಂದವೆಂದು ಎಲ್ಲವನ್ನೂ ತುಂಬಿದರೆ ಮನೆ ಉಗ್ರಾಣವಾಗುತ್ತದೆ. ಒಂದು ಕೋಣೆಗೆ ಒಂದೆರಡು ವಸ್ತು ಸಾಕು. ಬೀಟೆಯಂಥ ಕಪ್ಪು ಛಾಯೆಯ ಮರ ತಿಳಿ ಬಣ್ಣದ ಗೋಡೆಯ ಮುಂದೆ ಎದ್ದು ಕಾಣುತ್ತದೆ. ಹಿತ್ತಾಳೆ ಹಂಡೆಯಲ್ಲಿ ಹೂಕುಂಡ ಇಡಬಹುದು. ಒರಳುಕಲ್ಲಿಗೆ ನೀರು ತುಂಬಿಸಿ ಅಂಗಳದಲ್ಲಿಟ್ಟರೆ ಗುಬ್ಬಿಗಳು ಬರುತ್ತವೆ. ಧಾರವಾಡ ಜಿಲ್ಲೆಯ ಕಲಘಟಗಿ ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಅಂಥ ತೊಟ್ಟಿಲು ನಿಮ್ಮಲ್ಲಿದ್ದರೆ ಕಥೆ ಪುಸ್ತಕಗಳನ್ನು ಜೋಡಿಸಿ. ಖಾಲಿ ತೊಟ್ಟಿಲು ತೂಗಬಾರದೆಂಬ ಅಜ್ಜಿಯ ಮಾತೂ ಉಳಿಯುತ್ತದೆ!

ಮನೆಯೊಳಗೆ ತರುವ ಮೊದಲು ಮರವನ್ನು ಪರೀಕ್ಷಿಸಿ. ಸಣ್ಣ ತೂತುಗಳ ಕೆಳಗೆ ಹೊಸದಾಗಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಇದೆ ಎಂದರ್ಥ. ಬಡಗಿಗೆ ತೋರಿಸಿ ಮದ್ದು ಹಾಕಿಸಿ. ಮರಕ್ಕೆ ನೀರು ಸುರಿದು ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಒರೆಸಿ. ನೇರ ಬಿಸಿಲಿನಲ್ಲಿಟ್ಟರೆ ಬಿರುಕು ಬಿಡುತ್ತದೆ. ಭಾರದ ಮುಚ್ಚಳ ಮಕ್ಕಳ ಬೆರಳ ಮೇಲೆ ಬೀಳದಂತೆ ಒಳಗಡೆ ಸರಪಳಿ ಹಾಕಿಸಿ. ತಾನಾಗಿ ಬೀಳುವ ಚಿಲಕವಿದ್ದರೆ ತೆಗೆಸಿಬಿಡಿ.

ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ನಮಗೆ ಅಷ್ಟು ಸಾಧ್ಯವಿಲ್ಲದಿರಬಹುದು, ಒಂದು ಪೆಟ್ಟಿಗೆಯನ್ನಂತೂ ಉಳಿಸಬಹುದು.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಮನೆಯ ಹಳೆಯ ವಸ್ತು ಯಾರದು, ಎಲ್ಲಿಂದ ಬಂತು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ. ನನ್ನ ಮಗಳು ಬರೆದ ಚೀಟಿ ಈಗ ಪೆಟ್ಟಿಗೆಯ ಮುಚ್ಚಳದ ಒಳಗಿದೆ. ಕೆಳಗೆ ಅಮ್ಮನ ರುಜುವೂ ಇದೆ.